ಲ್ಯಾಕ್ಟೇಸ್ ನಿಲ್ಲುವ ಜಾಗ

ಬೆಳಗಾವಿ ಕುಂದಾದಲ್ಲಿ ಎರಡು ಸಕ್ಕರೆಗಳಿವೆ: ಹಾಲಿನ ಲ್ಯಾಕ್ಟೋಸ್, ಮೇಲೆ ಹಾಕಿದ ಸಕ್ಕರೆ, ಅಂದರೆ ಸುಕ್ರೋಸ್. ಹಾಲು ಎಷ್ಟು ಬತ್ತಿದರೂ ಲ್ಯಾಕ್ಟೋಸ್ ಬತ್ತುವುದಿಲ್ಲ. ಲೀಟರಿಗೆ ಸುಮಾರು 50 ಗ್ರಾಂನಷ್ಟಿದ್ದದ್ದು ಹೆಚ್ಚುಕಡಿಮೆ ಹಾಗೆಯೇ ಪಾತ್ರೆಯಲ್ಲಿ ಉಳಿಯುತ್ತದೆ.

ಎರಡೂ ಜೋಡಿ ಸಕ್ಕರೆಗಳು. ಸಣ್ಣ ಕರುಳಿನ ಕೋಶ ಒಳಗೆ ಬಿಟ್ಟುಕೊಳ್ಳುವುದು ಗ್ಲೂಕೋಸ್, ಗ್ಯಾಲಕ್ಟೋಸ್, ಫ್ರಕ್ಟೋಸ್‌ನಂಥ ಒಂಟಿ ಸಕ್ಕರೆಗಳನ್ನಷ್ಟೇ. ಹಾಗಾಗಿ ಜೋಡಿ ಒಡೆಯುವ ಕೆಲಸ ಕೋಶದ ಹೊರಮೈಯಲ್ಲೇ ಮುಗಿಯಬೇಕು.

ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಹುಟ್ಟುವುದು ಮಾತ್ರ ಕೋಶದೊಳಗೆ, ಪ್ರೋಟೀನು ತಯಾರಾಗುವ ಪೊರೆಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ. ಅಲ್ಲಿ ಸರಿಯಾಗಿ ಮಡಚಿಕೊಂಡು, ಪ್ರೋಟೀನುಗಳನ್ನು ವಿಂಗಡಿಸಿ ಕಳಿಸುವ ಗಾಲ್ಜಿಯನ್ನು ದಾಟಿ, ಆಹಾರ ಹರಿಯುವ ಕಡೆಯ ಅಂಚಿಗೆ ಬರುತ್ತದೆ. ಅಲ್ಲಿ ಸುಮಾರು 1 ಮೈಕ್ರೋಮೀಟರ್ ಎತ್ತರದ ಮೈಕ್ರೊವಿಲ್ಲೈಗಳು, ಅಂದರೆ ಕೋಶದ ಪೊರೆಯ ಸೂಕ್ಷ್ಮ ಚಾಚುಗಳು, ಒತ್ತೊತ್ತಾಗಿ ನಿಂತಿರುತ್ತವೆ. ಕಿಣ್ವದ ಒಂದು ತುದಿ ಅವುಗಳ ಪೊರೆಯಲ್ಲಿ ನಾಟಿರುತ್ತದೆ, ಕೆಲಸ ಮಾಡುವ ಭಾಗ ಆಹಾರದತ್ತ ಚಾಚಿರುತ್ತದೆ. ಇದೇ ಕೋಶದೊಳಗಿನ, ಬೇಡದ್ದನ್ನು ಅರಗಿಸುವ ಚೀಲಗಳಾದ ಲೈಸೋಸೋಮ್‌ಗಳಲ್ಲಿ ಗ್ಯಾಲಕ್ಟೋಸ್ ಕೊಂಡಿ ಕತ್ತರಿಸಬಲ್ಲ ಇನ್ನೊಂದು ಕಿಣ್ವವಿದೆ. ಆದರೆ ಕುಡಿದ ಹಾಲಿನ ಲ್ಯಾಕ್ಟೋಸ್ ಅದರ ಹತ್ತಿರ ಸುಳಿಯುವುದೇ ಇಲ್ಲ.

ಸುಕ್ರೋಸನ್ನು ಒಡೆಯುವ ಸುಕ್ರೇಸ್ ಕಿಣ್ವದ ಕೊರತೆಯೊಂದಿಗೆ ಹುಟ್ಟುವ ಕೆಲವು ಮಕ್ಕಳಲ್ಲಿ ಕಿಣ್ವ ತಯಾರಾಗುತ್ತದೆ, ಆದರೆ ಮಡಿಕೆ ತಪ್ಪಿ ರೆಟಿಕ್ಯುಲಮ್‌ನಲ್ಲೋ ಗಾಲ್ಜಿಯಲ್ಲೋ ಸಿಕ್ಕಿಬೀಳುತ್ತದೆ. ಒಂದು ಬಗೆಯಲ್ಲಂತೂ ಅದರ ಒಂದು ಪಾಲು ದಾರಿ ತಪ್ಪಿ, ರಕ್ತನಾಳದ ಕಡೆಯ ಗೋಡೆಗೆ ಹೋಗಿ ಸೇರುತ್ತದೆ. ಒಡೆಯದೆ ಉಳಿದ ಸಕ್ಕರೆ ನೀರನ್ನು ಎಳೆಯುತ್ತದೆ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. ಹೊಟ್ಟೆ ಉಬ್ಬರ, ಭೇದಿ ಶುರುವಾಗುತ್ತವೆ.

ಕೋಶ ಎಲ್ಲಿದೆ ಎಂಬುದೂ ಮುಖ್ಯ. ಕರುಳಿನ ಗೋಡೆಯ ಬೆರಳಿನಂಥ ವಿಲ್ಲೈಗಳ ಬುಡದ ಕುಳಿಗಳಲ್ಲಿ ಹುಟ್ಟಿದ ಕೋಶ ಮೇಲೇರಿ, ಮೂರರಿಂದ ಐದು ದಿನಗಳಲ್ಲಿ ತುದಿಯಿಂದ ಉದುರುತ್ತದೆ. ಕುಳಿಯಲ್ಲಿರುವಾಗ ಅದರಲ್ಲಿ ಲ್ಯಾಕ್ಟೇಸ್ ಇರುವುದಿಲ್ಲ, ಮೇಲೇರುತ್ತ ಬಲಿತ ಮೇಲಷ್ಟೇ ಬರುತ್ತದೆ. ಮಕ್ಕಳಲ್ಲಿ ಭೇದಿ ತರುವ ರೋಟಾವೈರಸ್ ಹಾಳುಮಾಡುವುದು ಬಲಿತ ಕೋಶಗಳನ್ನೇ. ಅದಕ್ಕೇ ಭೇದಿ ನಿಂತ ಮೇಲೂ ಕೆಲವು ಮಕ್ಕಳಿಗೆ ಕೆಲಕಾಲ ಹಾಲು ಒಗ್ಗುವುದಿಲ್ಲ. ಹಾಗೆಂದು ಎದೆಹಾಲು ನಿಲ್ಲಿಸಬಾರದು. ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆ ದ್ರಾವಣವಾದ ಓಆರ್‌ಎಸ್‌ನ ಒಂದು ಲೀಟರಿನಲ್ಲಿರುವ 13.5 ಗ್ರಾಂ ಗ್ಲೂಕೋಸ್ ಒಂಟಿ ಸಕ್ಕರೆ. ಅದಕ್ಕೆ ಯಾವ ಕಿಣ್ವವೂ ಬೇಡ, ಸೋಡಿಯಂ ಜೊತೆಗೂಡಿ ಒಳಹೋಗುತ್ತದೆ, ನೀರು ಹಿಂಬಾಲಿಸುತ್ತದೆ. ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೀಟರಿಗೆ ಕಲಸಿದರೆ ದ್ರಾವಣ ಗಾಢವಾಗಿ, ನೀರು ಉಲ್ಟಾ ಕರುಳಿಗೇ ಬರುತ್ತದೆ.

ರೊಟ್ಟಿ ಜೊತೆಗಿನ ಮೊಸರು ಹಾಲಿಗಿಂತ ಹಲವರಿಗೆ ಸಲೀಸು. ಹೆಪ್ಪಿನ ಬ್ಯಾಕ್ಟೀರಿಯಾಗಳು ಒಂದಿಷ್ಟು ಲ್ಯಾಕ್ಟೋಸನ್ನು ಮೊದಲೇ ತಿಂದಿರುತ್ತವೆ. ಜೊತೆಗೆ ಅವುಗಳಲ್ಲಿ ಕೆಲವುಗಳ ಮೈಯೊಳಗಿನ ಕಿಣ್ವ, ಕೋಶಗೋಡೆಯ ಮರೆಯಲ್ಲಿ ಜಠರದ ಆಮ್ಲದಿಂದ ಪಾರಾಗಿ, ಸಣ್ಣ ಕರುಳಿನಲ್ಲಿ ಕೆಲಸಕ್ಕಿಳಿಯುತ್ತದೆ. ಮಜ್ಜಿಗೆ ಸಾರು ಕುದಿಸಿದರೆ ಆ ಬ್ಯಾಕ್ಟೀರಿಯಾವೂ ಸಾಯುತ್ತದೆ, ಕಿಣ್ವವೂ ಕೆಡುತ್ತದೆ.