ಬೆಕ್ಕೇ ಸಾಕ್ಷಿ: ‘ಸೈಕ್’ ಸರಣಿಯ ‘9 ಲೈವ್ಸ್’ ಕಂತಿನ ಟಿಪ್ಪಣಿ

ಪತ್ತೇದಾರಿ ಹಾಸ್ಯವನ್ನು ಹೇಗೆ ಕಟ್ಟುತ್ತಾರೆ ಅಂತ ಕಲಿಯುವವರು ಈ ಕಂತನ್ನು ಒಮ್ಮೆ ನೋಡಲೇಬೇಕು. ‘ಸೈಕ್’ ಅಮೆರಿಕದ ಯುಎಸ್‌ಎ ನೆಟ್‌ವರ್ಕ್ ಅನ್ನುವ ಟಿವಿ ವಾಹಿನಿಯಲ್ಲಿ 2006ರ ಜುಲೈನಲ್ಲಿ ಶುರುವಾಗಿ 2014ರವರೆಗೆ ಎಂಟು ಸೀಸನ್ ಓಡಿತು. ‘9 ಲೈವ್ಸ್’ ಮೊದಲ ಸೀಸನ್ನಿನದು. ಕೊಲೆಗಾರ ಯಾರು ಅಂತ ಇಲ್ಲಿ ಹೇಳುವುದಿಲ್ಲ, ನಮಗೆ ಬೇಕಿರುವುದು ಬೆಕ್ಕು ಮಾತ್ರ.

ಮೊದಲು ಸರಣಿಯ ನಿಯಮ ತಿಳಿದಿರಬೇಕು. ಇಲ್ಲದಿದ್ದರೆ ಬೆಕ್ಕು ಸುಮ್ನೆ ತಮಾಷೆಗೆ ಬಂದಿದೆ ಅನ್ನಿಸುತ್ತದೆ. ಕಥೆ ನಡೆಯುವುದು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ. ನಾಯಕ ಶಾನ್ ಸ್ಪೆನ್ಸರ್‌ನ ಅಪ್ಪ ಹೆನ್ರಿ ಪೊಲೀಸ್ ಆಗಿದ್ದವನು. ಸುತ್ತ ಏನೇನಿದೆ ಅಂತ ಒಂದೇ ನೋಟಕ್ಕೆ ಗಮನಿಸುವುದನ್ನು ಮಗನಿಗೆ ಚಿಕ್ಕಂದಿನಲ್ಲೇ ಕಲಿಸಿದ್ದಾನೆ. ಶಾನ್ ಟಿವಿಯಲ್ಲಿ ಸುದ್ದಿ ನೋಡಿಯೇ ಪೊಲೀಸರಿಗೆ ಫೋನಿನಲ್ಲಿ ಸುಳಿವು ಕೊಡುತ್ತಿದ್ದ. ಅಪರಾಧಿಗಳಿಗಷ್ಟೇ ಗೊತ್ತಿರಬೇಕಾದ್ದು ಇವನಿಗೆ ಹೇಗೆ ಗೊತ್ತಾಯಿತು ಅಂತ ಪೊಲೀಸರು ಇವನ ಮೇಲೇ ಅನುಮಾನ ಪಟ್ಟಾಗ, ನನಗೆ ಅತೀಂದ್ರಿಯ ಶಕ್ತಿ ಇದೆ ಅಂತ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಾನೆ. ಆಮೇಲೆ ಪ್ರತಿ ಕೇಸಿನಲ್ಲೂ ಅವನಿಗೆ ಎರಡು ಕೆಲಸ. ಸತ್ಯ ಹುಡುಕಬೇಕು, ಅದು ಹೇಗೆ ಗೊತ್ತಾಯಿತು ಅನ್ನುವುದಕ್ಕೆ ಒಂದು ನಾಟಕವನ್ನೂ ಆಡಬೇಕು.

ಬೆಕ್ಕು ಬರುವುದು ಈ ಎರಡನೇ ಕೆಲಸಕ್ಕೆ. ಒಂದು ಸಾವು ಆತ್ಮಹತ್ಯೆಯ ಹಾಗೆ ಕಾಣುತ್ತದೆ. ಶಾನ್ ಒಪ್ಪುವುದಿಲ್ಲ. ಇದು ಕೊಲೆ, ಸತ್ತವನ ಬೆಕ್ಕೇ ನನಗೆ ಹೇಳಿತು ಅನ್ನುತ್ತಾನೆ!

ಈ ಒಂದು ಸುಳ್ಳು ಎಷ್ಟು ಉಪಯೋಗಕ್ಕೆ ಬರುತ್ತದೆ ನೋಡಿ. ಬೆಕ್ಕನ್ನು ಯಾರೂ ಠಾಣೆಗೆ ಕರೆಸಿ ವಿಚಾರಣೆ ಮಾಡುವ ಹಾಗಿಲ್ಲ. ಅದು ಶಾನ್ ಹೇಳಿದ್ದನ್ನು ಅಲ್ಲಗಳೆಯುವುದೂ ಇಲ್ಲ. ಪತ್ತೇದಾರ ಲ್ಯಾಸಿಟರ್‌ಗೆ ಮೊದಲೇ ಇವನ ಶಕ್ತಿಯ ಮೇಲೆ ನಂಬಿಕೆ ಇಲ್ಲ, ಈಗ ಬೆಕ್ಕಿನ ಮಾತನ್ನೂ ಕೇಳಬೇಕು. ಜೊತೆಗಾರ ಗಸ್‌ಗೆ ನಿಜ ಗೊತ್ತಿದೆ, ಆದರೂ ಬಾಯಿಬಿಡುವ ಹಾಗಿಲ್ಲ. ನಮಗೂ ಗೊತ್ತಿದೆ. ಒಂದೇ ಕೋಣೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದಷ್ಟೇ ಗೊತ್ತಿರುವುದರಿಂದ ನಗು ಹುಟ್ಟುತ್ತದೆ, ಬೆಕ್ಕಿನ ಚೇಷ್ಟೆಯಿಂದ ಅಲ್ಲ. ನನ್ನ ಪ್ರಕಾರ ಇಡೀ ಕಂತಿನಲ್ಲಿ ಕಲಿಯಬೇಕಾದ್ದು ಇದೇ, ಉಳಿದದ್ದೆಲ್ಲ ಮಾಮೂಲಿ ಪತ್ತೇದಾರಿಕೆ.

ನಾಯಿ ಯಾಕಾಗಬಾರದಿತ್ತು? ನಾಯಿಯ ನಡವಳಿಕೆಯೇ ಸಾಕ್ಷಿಯಾಗಿಬಿಡುತ್ತದೆ. ಕಾನನ್ ಡಾಯ್ಲ್ 1892ರಲ್ಲಿ ಬರೆದ ಷರ್ಲಾಕ್ ಹೋಮ್ಸ್‌ನ ‘ಸಿಲ್ವರ್ ಬ್ಲೇಜ್’ ಕಥೆ ನೆನಪಿದೆ ಅಲ್ವಾ? ರಾತ್ರಿ ನಾಯಿ ಬೊಗಳಲಿಲ್ಲ, ಅಂದರೆ ಬಂದವನು ಅದಕ್ಕೆ ಪರಿಚಯದವನು. ಬೆಕ್ಕು ಹಾಗಲ್ಲ. ಯಾರು ಬಂದರೂ ಮಂಚದಡಿ ಸೇರಬಹುದು, ಇಲ್ಲವೇ ಕೂತಲ್ಲೇ ಮೈ ನೆಕ್ಕಿಕೊಳ್ಳಬಹುದು. ಅದರ ಮುಖ ನೋಡಿ ಏನೂ ತೀರ್ಮಾನ ಮಾಡಲಾಗುವುದಿಲ್ಲ, ಹಾಗಾಗಿ ಶಾನ್ ಏನು ಹೇಳಿದರೂ ನಡೆಯುತ್ತದೆ.

ಹೊಸದಾಗಿ ಬರೆಯುವವರು ಜಾಸ್ತಿ ಎಡವುವ ಜಾಗವೂ ಇಲ್ಲೇ ಇದೆ. ಬೆಕ್ಕು ಸೋಫಾ ಕೆಳಗಿನಿಂದ ಚಾಕುವನ್ನೇ ಎಳೆದು ತಂದರೆ ಪತ್ತೇದಾರನಿಗೆ ಕೆಲಸವೇ ಉಳಿಯುವುದಿಲ್ಲ. ‘ಸೈಕ್’ನಲ್ಲಿ ಶಾನ್ ಕಣ್ಣಿಗೆ ಬಿದ್ದ ಸುಳಿವನ್ನು ಪರದೆಯ ಮೇಲೆ ಹತ್ತಿರ ತಂದು ಮಿನುಗಿಸಿ ತೋರಿಸುತ್ತಾರೆ. ಸುಳಿವು ಕಣ್ಣಿನದು, ಹೆಸರು ಮಾತ್ರ ಬೆಕ್ಕಿನದು.

ನಿಜ ಜೀವನದಲ್ಲೂ ಒಂದು ಬೆಕ್ಕು ಸಾಕ್ಷಿಯಾಗಿದೆ. ಕೆನಡಾದ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್‌ನಲ್ಲಿ 1994ರಲ್ಲಿ ನಡೆದ ಕೊಲೆಯಲ್ಲಿ, ರಕ್ತವಾಗಿದ್ದ ಜಾಕೆಟ್ಟಿನ ಮೇಲೆ ಬಿಳಿ ಕೂದಲು ಸಿಕ್ಕಿತು. ಅದರ ಡಿಎನ್‌ಎ ಆರೋಪಿಯ ಮನೆಯಲ್ಲಿದ್ದ ಸ್ನೋಬಾಲ್ ಅನ್ನುವ ಬೆಕ್ಕಿಗೆ ಹೊಂದಿತು. ದ್ವೀಪದ ಬೆಕ್ಕುಗಳೆಲ್ಲ ಹತ್ತಿರದ ಸಂಬಂಧಿಗಳಾಗಿದ್ದರೆ ಈ ಹೊಂದಿಕೆಗೆ ಬೆಲೆ ಇರುತ್ತಿರಲಿಲ್ಲ, ಅದಕ್ಕೇ ವಿಜ್ಞಾನಿಗಳು ಅಲ್ಲಿನ ಬೇರೆ ಬೆಕ್ಕುಗಳ ರಕ್ತವನ್ನೂ ಪರೀಕ್ಷಿಸಿದರು. ಗಂಭೀರ ಪತ್ತೇದಾರಿ ಕಥೆ ಬರೆಯುವವರಿಗೆ ಸ್ನೋಬಾಲ್ ಮಾದರಿ ಸರಿ. ಹಾಸ್ಯಕ್ಕಾದರೆ ಲ್ಯಾಬ್ ವರದಿ ಬಂದ ಕೂಡಲೇ ಶಾನ್‌ನ ನಾಟಕಕ್ಕೆ ಜಾಗವೇ ಇರುವುದಿಲ್ಲ.