ಕ್ಯಾಪ್ ಕೂರುವುದು ಒಳಮೈ ಮೇಲೆ

ಎರಡು ದಂತ ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲೂ "ಈಗೇನ್ರೀ, ಕಂಪ್ಯೂಟರ್ರೇ ಹಲ್ಲು ಮಾಡಿಬಿಡುತ್ತೆ" ಅನ್ನುವವರಿದ್ದಾರೆ. ಕೇಳಿ ಸುಮ್ಮನಿರಲು ನನ್ನಿಂದಾಗುವುದಿಲ್ಲ. ಹಲ್ಲನ್ನು ಸ್ಕ್ಯಾನ್ ಮಾಡಿ, ಸಾಫ್ಟ್‌ವೇರ್‌ನಲ್ಲಿ ವಿನ್ಯಾಸ ಮಾಡಿ, ತೇಯ್ದ ಹಲ್ಲಿಗೆ ತೊಡಿಸುವ ಕವಚವನ್ನು, ಅಂದರೆ ಕ್ಯಾಪನ್ನು, ಯಂತ್ರದಲ್ಲಿ ಕೊರೆಯುವ ಪದ್ಧತಿ ಬಂದಮೇಲೆ ಬಾಯಿಗೆ ಟ್ರೇ ತುರುಕಿ ಅಚ್ಚು ತೆಗೆಯುವುದು ತಪ್ಪಿದೆ, ಒಂದೇ ದಿನದಲ್ಲಿ ಕ್ಯಾಪ್ ಸಿಗುತ್ತದೆ, ಎರಡೂ ನಿಜ. ಆದರೆ ಆ ಕ್ಯಾಪ್ ಸರಿಯಾಗಿ ಕೂರುತ್ತದೋ ಇಲ್ಲವೋ ಎಂಬುದು ಬಹುಪಾಲು ನಿರ್ಧಾರವಾಗುವುದು ಸ್ಕ್ಯಾನರ್ ಬಾಯಿಗೆ ಬರುವ ಮೊದಲೇ, ಡಾಕ್ಟರು ಹಲ್ಲು ತೇಯುವಾಗ.

ಯಂತ್ರದಲ್ಲಿ ಸಿರಾಮಿಕ್ ಗಟ್ಟಿಯನ್ನು ಕೊರೆಯುವುದು ವಜ್ರದ ಕಣಗಳಿರುವ ಬರ್, ಅಂದರೆ ತಿರುಗುವ ಪುಟ್ಟ ಕೊರೆಕಡ್ಡಿ. ಅದರ ತುದಿಗೂ ಒಂದು ದಪ್ಪವಿದೆ. ತೇಯ್ದ ಹಲ್ಲಿನಲ್ಲಿ ಚೂಪು ಅಂಚು ಉಳಿದರೆ ಕ್ಯಾಪ್‌ನ ಒಳಗೆ ಅಷ್ಟೇ ಚೂಪಾದ ಮೂಲೆ ಬೇಕು. ದುಂಡು ಸೌಟಿಗೆ ಚೌಕ ಡಬ್ಬಿಯ ಮೂಲೆಯ ಹಿಟ್ಟು ಸಿಗದಂತೆ ಬರ್‌ಗೆ ಆ ಮೂಲೆ ಸಿಗದು. ಹಾಗೇ ಬಿಟ್ಟರೆ ಕ್ಯಾಪ್ ಆ ಚೂಪಿಗೆ ತಗುಲಿ ಕೆಳಗಿಳಿಯದೆ ನಿಲ್ಲುತ್ತದೆ. ಅದಕ್ಕೇ ಸಾಫ್ಟ್‌ವೇರ್ ಸುತ್ತಲಿನ ಸಿರಾಮಿಕ್ಕನ್ನೂ ಕೊರೆಸುತ್ತದೆ. ಪರಿಣಾಮ: ಒಳಗೆ ಸಿಮೆಂಟ್ ದಪ್ಪ, ಮೇಲೆ ಸಿರಾಮಿಕ್ ತೆಳು. ಲಿಥಿಯಂ ಡೈಸಿಲಿಕೇಟ್ ಎಂಬ ಸಿರಾಮಿಕ್‌ನ ಕ್ಯಾಪ್‌ಗೆ ಜಗಿಯುವ ಕಡೆ ಸಾಮಾನ್ಯವಾಗಿ 1ರಿಂದ 1.5 ಮಿ.ಮೀ. ದಪ್ಪ ಬೇಕು, ಅದು ಕಡಿಮೆಯಾದರೆ ಬಿರುಕಿನ ಭಯ. ಇಷ್ಟೂ ತಾಪತ್ರಯ ತಪ್ಪಿಸಲು ಅಂಚುಗಳನ್ನು ಮೊದಲೇ ದುಂಡಗೆ ಮಾಡಿದರಾಯಿತು.

ಆಮೇಲೆ ಸ್ಕ್ಯಾನ್: ತೇಯ್ದ ಹಲ್ಲಿನ ಸಾಲು, ಎದುರು ಸಾಲು, ಕೊನೆಗೆ ಹಲ್ಲು ಕಚ್ಚಿ ಹಿಡಿದಾಗ. ಸ್ಕ್ಯಾನರ್ ನೋಡುವುದು ಬೆಳಕಿನಿಂದ. ರಕ್ತ, ಎಂಜಲು, ಒಸಡು ಮುಚ್ಚಿದ್ದು ಅದಕ್ಕೆ ಕಾಣುವುದಿಲ್ಲ. ಕ್ಯಾಪ್ ಎಲ್ಲಿ ಮುಗಿಯಬೇಕೆಂಬ ಗೆರೆಯನ್ನು ಸಾಫ್ಟ್‌ವೇರ್ ಊಹಿಸಿ ಎಳೆದಾಗ ಡಾಕ್ಟರು ಪರದೆಯ ಮೇಲಿನ ಚಿತ್ರವನ್ನು ದೊಡ್ಡದು ಮಾಡಿ ತಿದ್ದಲೇಬೇಕು. ಗೆರೆ ತಪ್ಪಿದರೆ ಆ ಸಂದಿನಲ್ಲೇ ಮತ್ತೆ ಹುಳುಕು. ಕ್ಯಾಪ್ ಯಾವ ದಿಕ್ಕಿನಿಂದ ಇಳಿಯಬೇಕು ಎಂಬುದನ್ನೂ ಅಲ್ಲೇ ಗೊತ್ತುಮಾಡಬೇಕು. ಹೊರಗಿನ ಆಕಾರವನ್ನು ಯಂತ್ರ ಚೆನ್ನಾಗಿಯೇ ಸೂಚಿಸುತ್ತದೆ.

ಈ ವಿದ್ಯೆ ನಿನ್ನೆಮೊನ್ನೆಯದಲ್ಲ. ಬೆಳಕಿನಿಂದ ಹಲ್ಲಿನ ಅಳತೆ ತೆಗೆಯುವ ವಿಚಾರವನ್ನು ಫ್ರಾನ್ಸಿನ ಫ್ರಾಂಸ್ವಾ ದ್ಯುರೆ 1970ರ ದಶಕದಲ್ಲೇ ಮುಂದಿಟ್ಟರು. 1985ರಲ್ಲಿ ಜ್ಯೂರಿಕ್‌ನಲ್ಲಿ ದಂತವೈದ್ಯ ವೆರ್ನರ್ ಮ್ಯೋರ್ಮನ್, ಎಂಜಿನಿಯರ್ ಮಾರ್ಕೊ ಬ್ರಾಂಡೆಸ್ಟಿನಿ ಜೊತೆ ಕಟ್ಟಿದ ಯಂತ್ರದಿಂದ ರೋಗಿಯ ಕುರ್ಚಿಯ ಪಕ್ಕದಲ್ಲೇ ಸಿರಾಮಿಕ್ ತುಂಬಿಕೆ ತಯಾರಿಸಿ ಕೂರಿಸಿದರು. ಆ ಯಂತ್ರಕ್ಕೆ ಜಗಿಯುವ ಮೇಲ್ಮೈ ಕೊರೆಯಲು ಬರುತ್ತಿರಲಿಲ್ಲ, ಅದನ್ನು ಡಾಕ್ಟರೇ ಕೈಯಾರೆ ತಿದ್ದಬೇಕಿತ್ತು!

ಕೊರೆದು ಬಂದ ಕ್ಯಾಪ್ ನೀಲಿ-ನೇರಳೆಯಾಗಿದ್ದರೆ ಗಾಬರಿ ಬೇಡ. ಕೊರೆಯಲು ಸಲೀಸಾಗಲೆಂದು ಲಿಥಿಯಂ ಡೈಸಿಲಿಕೇಟನ್ನು ಪೂರ್ತಿ ಹರಳುಗಟ್ಟದ ಸ್ಥಿತಿಯಲ್ಲಿ ಇಟ್ಟಿರುತ್ತಾರೆ. ಸುಮಾರು 840 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದಾಗ ಹರಳು ಬೆಳೆದು ಹಲ್ಲಿನ ಬಣ್ಣವೂ ಬಲವೂ ಬರುತ್ತವೆ. ಕಾಯಿಸುವ ಮೊದಲೇ ಒಮ್ಮೆ ಹಲ್ಲಿಗೆ ಕೂರಿಸಿ, ಪಕ್ಕದ ಸಂದಿನಲ್ಲಿ ದಾರ ಹಾಯಿಸಿ ನೋಡಬೇಕು. ದಾರ ತಡೆಯಿಲ್ಲದೆ ಜಾರಿದರೆ ಅಲ್ಲಿ ಊಟವೆಲ್ಲ ಸಿಕ್ಕಿಕೊಳ್ಳುತ್ತದೆ, ವಿನ್ಯಾಸಕ್ಕೇ ಮರಳಬೇಕು. ದಾರ ಹೋಗಲೇ ಇಲ್ಲವೆಂದರೆ ಕ್ಯಾಪ್‌ನ ಬದಿಯನ್ನು ತುಸು ಉಜ್ಜಿದರೆ ಸಾಕು.