ಡಿಲೀಟ್ ಮಾಡಿದರೆ ಸ್ಪ್ಯಾಮ್ ನಿಲ್ಲಲ್ಲ: ಇನ್‌ಬಾಕ್ಸ್ ಕುರಿತು ನಮ್ಮ ಭಾನುವಾರದ ಟಿಪ್ಪಣಿ

ಚಿಕ್ಕಮಗಳೂರಿನಲ್ಲಿ ನಾವು ಏಳೆಂಟು ಜನ ಭಾನುವಾರ ಬೆಳಿಗ್ಗೆ ಸೇರಿ ಕಂಪ್ಯೂಟರ್ ವಿಷಯ ಓದುತ್ತೇವೆ. ಕಳೆದ ಎರಡು ವಾರ ಇಮೇಲ್ ಹಿಡಿದುಕೊಂಡಿದ್ದೆವು. ಬರಲು ಆಗದವರಿಗೂ ಹೊಸದಾಗಿ ಕಲಿಯುತ್ತಿರುವವರಿಗೂ ಅನುಕೂಲವಾಗಲಿ ಅಂತ ಬಿಡಿಸಿ ಬರೆದಿದ್ದೇನೆ.

ಈ ಪಾಠ ಶುರುವಾಗಿದ್ದು ನಮ್ಮ ಚಿಕ್ಕಪ್ಪನ ಫೋನಿನಿಂದ. ಆಲ್ದೂರಿನ ಹತ್ತಿರ ಅವರಿಗೆ ನಾಲ್ಕು ಎಕರೆ ಕಾಫಿ ತೋಟ. ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಒಣಗಿದ ಕಾಫಿ ಬೀಜ) ಸಿಪ್ಪೆ ತೆಗೆದು ಬೇರ್ಪಡಿಸಲು ಕ್ಯೂರಿಂಗ್ ವರ್ಕ್ಸ್‌ಗೆ ಹಾಕಿದ್ದರು. ಅದರ ಔಟ್‌ಟರ್ನ್ ಲೆಕ್ಕ, ಅಂದರೆ ಕೊನೆಗೆ ಎಷ್ಟು ಬೀಜ ಸಿಕ್ಕಿತು ಎಂಬ ಲೆಕ್ಕ, ಮೇಲ್ ಮಾಡಿದ್ದೇವೆ ಅಂತ ಅಲ್ಲಿನವರು ಹೇಳುತ್ತಿದ್ದರು, ಇವರಿಗೆ ಬಂದೇ ಇರಲಿಲ್ಲ. ಫೋನ್ ಇಸಿದುಕೊಂಡು ನೋಡಿದೆ. ಓದದೆ ಉಳಿದ ಮೇಲ್ 9,412. ಸಾಲ ಬೇಕಾ, ಲಾಟರಿ ಹೊಡೆದಿದೆ, ಹದಿನೈದು ದಿನದಲ್ಲಿ ಕೂದಲು ಬರುತ್ತೆ, ಇಂಥವೇ. ಔಟ್‌ಟರ್ನ್ ಲೆಕ್ಕ ಸ್ಪ್ಯಾಮ್ (ಕೇಳದೆ ಬರುವ ಬೇಡದ ಮೇಲ್) ಫೋಲ್ಡರ್‌ನಲ್ಲಿ ಬಿದ್ದು 26 ದಿನವಾಗಿತ್ತು. ಜಿಮೇಲ್ ಆ ಫೋಲ್ಡರ್‌ನಲ್ಲಿರುವುದನ್ನು 30 ದಿನಕ್ಕೆ ತಾನೇ ಅಳಿಸಿಬಿಡುತ್ತದೆ. ಇನ್ನು ನಾಲ್ಕು ದಿನ ತಡವಾಗಿದ್ದರೆ ಅದು ಸಿಗುತ್ತಲೇ ಇರಲಿಲ್ಲ.

"ದಿನಾ ರಾತ್ರಿ ಊಟ ಆದ್ಮೇಲೆ ಕೂತು ಡಿಲೀಟ್ ಮಾಡ್ತೀನಿ ಕಣೋ. ಬೆಳಿಗ್ಗೆ ಎದ್ರೆ ಮತ್ತೆ ಅಷ್ಟೇ ಬಂದಿರುತ್ತೆ" ಅಂದರು ಚಿಕ್ಕಪ್ಪ.

ಡಿಲೀಟ್ ಮಾಡಿದರೆ ನಮ್ಮ ಕಣ್ಣೆದುರಿನ ಮೇಲ್ ಹೋಗುತ್ತದೆ, ಅಷ್ಟೇ. ಕಳಿಸಿದವನಿಗೆ ಅದು ತಟ್ಟುವುದಿಲ್ಲ. ಇದು ಬೇಡದ ಮೇಲ್ ಅಂತ ಜಿಮೇಲ್‌ಗೂ ಗೊತ್ತಾಗುವುದಿಲ್ಲ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಾಗಿಲು ತೆರೆದೇ ಇತ್ತು

1978ರ ಮೇ 3ರಂದು ಗ್ಯಾರಿ ಥುರ್ಕ್ ಎಂಬ ಮಾರಾಟ ವಿಭಾಗದವರು ತಮ್ಮ ಕಂಪನಿಯ ಹೊಸ ಕಂಪ್ಯೂಟರ್‌ನ ಜಾಹೀರಾತನ್ನು ಇಂಟರ್ನೆಟ್‌ಗೆ ಮೊದಲಿದ್ದ ಅಮೆರಿಕದ ಅರ್ಪಾನೆಟ್ ಎಂಬ ಕಂಪ್ಯೂಟರ್ ಜಾಲದಲ್ಲಿದ್ದ ಸುಮಾರು 400 ಜನರಿಗೆ ಒಟ್ಟಿಗೆ ಕಳಿಸಿದರು. ಮೊದಲ ಸ್ಪ್ಯಾಮ್ ಅಂತ ಎಲ್ಲರೂ ಅದನ್ನೇ ಹೇಳುತ್ತಾರೆ. 1982ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ ಎಸ್‌ಎಂಟಿಪಿ ಎಂಬ ಮೇಲ್ ಸಾಗಿಸುವ ನಿಯಮ ಬರೆದರು. ಆಗ ನೆಟ್‌ವರ್ಕ್‌ನಲ್ಲಿ ಇದ್ದವರೇ ಕಡಿಮೆ. ಹಾಗಾಗಿ ಕಳಿಸುವವನು ನಿಜವಾಗಿ ಅವನೇನಾ ಅಂತ ಕೇಳುವ ಏರ್ಪಾಡು ಆ ನಿಯಮದಲ್ಲಿ ಇರಲಿಲ್ಲ. ಅಂಚೆ ಕಾರ್ಡಿನಲ್ಲಿ "ಇಂದ" ಅಂತ ಯಾರ ವಿಳಾಸ ಬರೆದರೂ ಕಾರ್ಡು ತಲುಪುತ್ತದೆ ಅಲ್ವಾ? ಇದೂ ಹಾಗೆಯೇ.

ಈ ತೂತು ಮುಚ್ಚಲು ಆಮೇಲೆ ಮೂರು ಪರೀಕ್ಷೆ ಬಂದವು. ಇಮೇಲ್ ವಿಳಾಸದಲ್ಲಿ @ ಚಿಹ್ನೆ ಆದಮೇಲೆ ಬರುವ ಹೆಸರೇ ಡೊಮೇನ್. ಈ ಡೊಮೇನ್‌ನ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ (ಮೇಲ್ ಸಾಗಿಸುವ ಕಂಪ್ಯೂಟರ್‌ಗಳಿಗೆ) ಅನುಮತಿ ಇದೆ ಎಂಬ ಪಟ್ಟಿ ಎಸ್‌ಪಿಎಫ್. ಮೇಲ್‌ಗೆ ಡೊಮೇನ್ ಹಾಕುವ ಡಿಜಿಟಲ್ ಸಹಿ ಡಿಕಿಮ್, ದಾರಿಯಲ್ಲಿ ಯಾರಾದರೂ ತಿದ್ದಿದ್ದರೆ ಸಹಿ ಹೊಂದುವುದಿಲ್ಲ. ಇವೆರಡೂ ಕೈಕೊಟ್ಟರೆ ಮೇಲ್ ಏನು ಮಾಡಬೇಕು ಅಂತ ಡೊಮೇನ್‌ನ ಯಜಮಾನ ಹೇಳಿಡುವುದು ಡಿಮಾರ್ಕ್. ಇದು 2012ರಲ್ಲಿ ಬಂತು.

ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಒಂದು ಮೇಲ್‌ನ ಬಲಗಡೆ ಮೂರು ಚುಕ್ಕಿ ಒತ್ತಿ, "ಶೋ ಒರಿಜಿನಲ್" ಆರಿಸಿ. ಮೇಲುಗಡೆ ಪುಟ್ಟ ಪಟ್ಟಿಯಲ್ಲಿ ಈ ಮೂರರ ಮುಂದೆ ಪಾಸ್ ಅಥವಾ ಫೇಲ್ ಅಂತ ಇರುತ್ತದೆ. ನಾನು ಮೊದಲ ಸಲ ನೋಡಿದಾಗ ಬಹಳ ಖುಷಿಯಾಯಿತು, ಕಣ್ಣಿಗೆ ಕಾಣದ್ದೊಂದು ಕಂಡ ಹಾಗೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ನಮ್ಮ ಗುಂಪಿನಲ್ಲೇ ಆಗಿತ್ತು, ಹಾಗಾಗಿ ಒತ್ತಿ ಹೇಳುತ್ತೇನೆ. ಮೂರೂ ಪಾಸ್ ಅಂದರೆ ಒಳ್ಳೆಯ ಮೇಲ್ ಅಂತ ಅರ್ಥವಲ್ಲ. ಅದು ಹೇಳಿಕೊಂಡ ಡೊಮೇನ್‌ನಿಂದಲೇ ಬಂದಿದೆ ಅಂತ ಮಾತ್ರ. ಮೋಸಗಾರನೂ ಸ್ವಂತಕ್ಕೆ ಒಂದು ಡೊಮೇನ್ ಕೊಂಡು ಪಾಸ್ ಮಾಡಿಸಿಕೊಳ್ಳಬಹುದು. ಹಾಗಾಗಿ ಡೊಮೇನ್ ಹೆಸರನ್ನು ಬಲದಿಂದ ಎಡಕ್ಕೆ ಓದಿ. ಆದಾಯ ತೆರಿಗೆಯದಾದರೆ ಕೊನೆಯಲ್ಲಿ "ಗವ್ ಡಾಟ್ ಇನ್" ಇರಬೇಕು. ಅದು ನಡುವೆಲ್ಲೋ ಬಂದು ಕೊನೆಯಲ್ಲಿ ಬೇರೇನೋ ಇದ್ದರೆ ಮುಟ್ಟಬೇಡಿ.

ಫಿಲ್ಟರ್ ಲೆಕ್ಕ ಹಾಕುವುದು ಹೇಗೆ

ನಮ್ಮೂರಿನ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜ ಒಂದೇ ಜರಡಿಯಲ್ಲಿ ಮುಗಿಯುವುದಿಲ್ಲ. ಗಾತ್ರಕ್ಕೊಂದು ಜರಡಿ, ತೂಕಕ್ಕೊಂದು ಯಂತ್ರ, ಕೊನೆಗೆ ಬಣ್ಣ ನೋಡಿ ಕಪ್ಪು ಬೀಜ ತೆಗೆಯುತ್ತಾರೆ. ಮೇಲ್‌ನದ್ದೂ ಹೀಗೆಯೇ. ಕಳಿಸಿದವನ ಪರೀಕ್ಷೆ ಮೊದಲ ಜರಡಿ. ಒಳಗೆ ಬರೆದಿರುವ ಮಾತು ಇನ್ನೊಂದು.

ಮಾತು ನೋಡಿ ಬೇರ್ಪಡಿಸುವ ಸರಳ ವಿಧಾನಕ್ಕೆ ಬೇಸ್ ಫಿಲ್ಟರ್ ಅನ್ನುತ್ತಾರೆ. 18ನೇ ಶತಮಾನದ ಥಾಮಸ್ ಬೇಸ್ ಅವರ ಸಂಭವನೀಯತೆಯ ಗಣಿತವೇ ಇದರ ಬುಡ. 2002ರಲ್ಲಿ ಪ್ರೋಗ್ರಾಮರ್ ಪಾಲ್ ಗ್ರಹಾಂ ಈ ಬಗ್ಗೆ ಬರೆದ ಮೇಲೆ ಸ್ಪ್ಯಾಮ್ ಕೆಲಸಕ್ಕೆ ಇದು ತುಂಬಾ ಬಳಕೆಗೆ ಬಂತು. ನಾವು ಬೋರ್ಡಿನ ಮೇಲೆ ಮಾಡಿದ ಲೆಕ್ಕ ನೋಡಿ. ಅಂಕಿಗಳು ಅಭ್ಯಾಸಕ್ಕೆ ಹಾಕಿಕೊಂಡವು.

ಒಟ್ಟು 100 ಮೇಲ್. ಅದರಲ್ಲಿ 40 ಸ್ಪ್ಯಾಮ್, 60 ಒಳ್ಳೆಯವು. "ಲಾಟರಿ" ಪದ 20 ಸ್ಪ್ಯಾಮ್‌ನಲ್ಲಿದೆ, ಒಳ್ಳೆಯದರಲ್ಲಿ 1ರಲ್ಲಿ ಮಾತ್ರ. ಅಂದರೆ "ಲಾಟರಿ" ಇರುವ 21 ಮೇಲ್‌ಗಳಲ್ಲಿ 20 ಸ್ಪ್ಯಾಮ್, ಶೇಕಡಾ 95. "ಕಾಫಿ" ಪದ 3 ಸ್ಪ್ಯಾಮ್‌ನಲ್ಲಿದೆ, 30 ಒಳ್ಳೆಯ ಮೇಲ್‌ನಲ್ಲಿದೆ. 33ಕ್ಕೆ 3, ಶೇಕಡಾ 9. ಈಗ ಎರಡೂ ಪದ ಇರುವ ಮೇಲ್ ಬಂದರೆ? ಮೊದಲು ಸ್ಪ್ಯಾಮ್‌ಗೂ ಒಳ್ಳೆಯದಕ್ಕೂ ಇರುವ ಅನುಪಾತ 40:60, ಅಂದರೆ 2/3. "ಲಾಟರಿ" ಸ್ಪ್ಯಾಮ್‌ನಲ್ಲಿ ಅರ್ಧದಷ್ಟಿದೆ, ಒಳ್ಳೆಯದರಲ್ಲಿ ಅರವತ್ತರಲ್ಲಿ ಒಂದು, ಹಾಗಾಗಿ ಸ್ಪ್ಯಾಮ್ ಕಡೆಯ ತೂಕ 30 ಪಟ್ಟು ಏರುತ್ತದೆ. "ಕಾಫಿ" ಅದನ್ನು 0.15ರಿಂದ ಗುಣಿಸಿ ಕೆಳಗಿಳಿಸುತ್ತದೆ. ಮೂರನ್ನೂ ಗುಣಿಸಿದರೆ 3. ಅಂದರೆ 3:1, ಸ್ಪ್ಯಾಮ್ ಆಗಿರುವ ಸಾಧ್ಯತೆ ಶೇಕಡಾ 75. ಒಂದು ಪದ ಇನ್ನೊಂದಕ್ಕೆ ಸಂಬಂಧವಿಲ್ಲದೆ ಬರುತ್ತದೆ ಅಂತ ಇಟ್ಟುಕೊಂಡು ಮಾಡಿದ ಲೆಕ್ಕ ಇದು. ಜಿಮೇಲ್‌ನಂಥವು ಇಂದು ಇದಕ್ಕಿಂತ ಎಷ್ಟೋ ಜಾಸ್ತಿ ಸುಳಿವು ನೋಡುತ್ತವೆ, ಆದರೆ ಬುಡ ಅರ್ಥವಾಗಲು ಇಷ್ಟು ಸಾಕು.

ಆ 40 ಮತ್ತು 60 ಎಲ್ಲಿಂದ ಬಂದವು ಅಂತ ಯೋಚಿಸಿ. ಯಾರೋ ಒಬ್ಬರು "ಇದು ಸ್ಪ್ಯಾಮ್" ಅಂತ ಗುರುತು ಹಾಕಿದ್ದರಿಂದ. ಡಿಲೀಟ್ ಈ ಲೆಕ್ಕಕ್ಕೆ ಬರುವುದಿಲ್ಲ. "ರಿಪೋರ್ಟ್ ಸ್ಪ್ಯಾಮ್" ಬರುತ್ತದೆ. ಒಳ್ಳೆಯ ಮೇಲ್ ತಪ್ಪಿ ಅಲ್ಲಿ ಬಿದ್ದಿದ್ದರೆ "ನಾಟ್ ಸ್ಪ್ಯಾಮ್" ಒತ್ತಿ, ಕಳಿಸಿದವರನ್ನು ಕಾಂಟ್ಯಾಕ್ಟ್‌ಗೆ ಸೇರಿಸಿ. ಚಿಕ್ಕಪ್ಪನಿಗೆ ಕ್ಯೂರಿಂಗ್‌ನವರ ವಿಳಾಸಕ್ಕೆ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಒಂದು ಫಿಲ್ಟರ್ (ಇಲ್ಲಿಂದ ಮೇಲ್ ಬಂದರೆ ಹೀಗೆ ಮಾಡು ಎಂಬ ಸೂಚನೆ) ಮಾಡಿ, "ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್" ಎಂಬ ಚೌಕಕ್ಕೆ ಟಿಕ್ ಹಾಕಿಕೊಟ್ಟೆ.

ಯಾವ ಬಟನ್ ಯಾವಾಗ

ನೀವೇ ಎಂದೋ ಸೇರಿಕೊಂಡ ಅಂಗಡಿ, ಬಸ್ ಬುಕಿಂಗ್, ಪತ್ರಿಕೆಯ ಮೇಲ್‌ಗಳಿಗೆ "ಅನ್‌ಸಬ್‌ಸ್ಕ್ರೈಬ್". ಗುರುತೇ ಇಲ್ಲದವನಿಗೆ "ರಿಪೋರ್ಟ್ ಸ್ಪ್ಯಾಮ್". ಗುರುತಿಲ್ಲದವನ ಮೇಲ್‌ನ ಒಳಗಿರುವ ಅನ್‌ಸಬ್‌ಸ್ಕ್ರೈಬ್ ಲಿಂಕ್ ಒತ್ತಲೇಬೇಡಿ. ಒತ್ತಿದರೆ ಈ ವಿಳಾಸದಲ್ಲಿ ಜನ ಇದ್ದಾರೆ ಅಂತ ನಾವೇ ಹೇಳಿಕೊಟ್ಟ ಹಾಗಾಗುತ್ತದೆ. "ಬ್ಲಾಕ್" ಒಂದೇ ವಿಳಾಸದಿಂದ ಕಾಡುವವರಿಗೆ ಸರಿ. ದಿನಕ್ಕೊಂದು ವಿಳಾಸ ಬದಲಿಸುವವನಿಗೆ ಅದು ತಾಗುವುದಿಲ್ಲ.

ಒಬ್ಬರ ರಿಪೋರ್ಟ್‌ನಿಂದ ಏನಾಗುತ್ತೆ ಅಂತ ಗೆಳೆಯರೊಬ್ಬರು ಕೇಳಿದರು. ಆಗುತ್ತೆ. 2024ರ ಫೆಬ್ರವರಿಯಿಂದ, ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರು ಮೇಲೆ ಹೇಳಿದ ಮೂರೂ ಏರ್ಪಾಡು ಮಾಡಿಕೊಂಡಿರಬೇಕು. ಜಾಹೀರಾತಿನ ಮೇಲ್ ಆದರೆ ಒಂದೇ ಒತ್ತಿಗೆ ಹೊರಬರುವ ಅನ್‌ಸಬ್‌ಸ್ಕ್ರೈಬ್ ಕೊಡಬೇಕು, ಕೇಳಿದ ಎರಡು ದಿನದೊಳಗೆ ಹೆಸರು ತೆಗೆಯಬೇಕು. ಸ್ಪ್ಯಾಮ್ ದೂರಿನ ಪ್ರಮಾಣ ಶೇಕಡಾ 0.3 ಮುಟ್ಟಬಾರದು. ಸಾವಿರಕ್ಕೆ ಮೂರು! ಅಷ್ಟು ಸಣ್ಣ ಅಂಕಿಯಲ್ಲಿ ನಮ್ಮ ಒಂದು ಒತ್ತಿಗೂ ಬೆಲೆಯಿದೆ.

ಚಿತ್ರಗಳ ವಿಷಯ ಚಿಕ್ಕದು. ಕೆಲವು ಮೇಲ್‌ನಲ್ಲಿ ಕಣ್ಣಿಗೆ ಕಾಣದ ಒಂದು ಚುಕ್ಕಿಯಷ್ಟು ಚಿತ್ರ ಇಟ್ಟಿರುತ್ತಾರೆ, ನೀವು ತೆರೆದ ಕೂಡಲೇ ಸುದ್ದಿ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಹೊರಗಿನ ಚಿತ್ರ ತೋರಿಸುವ ಮೊದಲು ಕೇಳು ಅಂತ ಇಟ್ಟುಕೊಳ್ಳಿ.

ವಿಳಾಸ ಸೋರಿದ್ದು ಎಲ್ಲಿ

ನನಗೆ ತುಂಬಾ ಇಷ್ಟವಾದ ಭಾಗ ಇದು. ಜಿಮೇಲ್ ವಿಳಾಸದಲ್ಲಿ ನಿಮ್ಮ ಹೆಸರಾದ ಮೇಲೆ, @ ಚಿಹ್ನೆಗೆ ಮೊದಲು, ಪ್ಲಸ್ ಚಿಹ್ನೆ ಹಾಕಿ ಯಾವ ಪದ ಸೇರಿಸಿದರೂ ಮೇಲ್ ನಿಮಗೇ ಬರುತ್ತದೆ. ಪೇಟೆಯ ಒಂದು ಮಳಿಗೆಯಲ್ಲಿ ಲಕ್ಕಿ ಡ್ರಾ ಕೂಪನ್ ತುಂಬಿಸಿಕೊಂಡರು. ನಾನು ನನ್ನ ಹೆಸರಾದ ಮೇಲೆ ಪ್ಲಸ್ ಹಾಕಿ "ಕೂಪನ್" ಅಂತ ಬರೆದುಕೊಟ್ಟೆ. ಮೂರು ವಾರಕ್ಕೆ ಎಲ್ಲಿಯದೋ ಸಾಲದ ಕಂಪನಿಯ ಮೇಲ್ ಬಂತು. "ಟು" ಸಾಲು ನೋಡಿದರೆ ಅದೇ ಪ್ಲಸ್ ಕೂಪನ್! ಆ ವಿಳಾಸ ನಾನು ಬೇರೆಲ್ಲೂ ಕೊಟ್ಟಿರಲಿಲ್ಲ. ನಂಬಿ ಬರೆದುಕೊಟ್ಟಿದ್ದೆ, ನಿಜಕ್ಕೂ ಬೇಜಾರಾಯಿತು. ಆ ವಿಳಾಸಕ್ಕೆ ಬಂದದ್ದೆಲ್ಲ ನೇರ ಕಸಕ್ಕೆ ಹೋಗುವ ಹಾಗೆ ಫಿಲ್ಟರ್ ಹಾಕಿದೆ, ಒಂದು ಬಾಯಿ ಮುಚ್ಚಿತು. ಕೆಲವು ಫಾರಂಗಳು ಪ್ಲಸ್ ಒಪ್ಪುವುದಿಲ್ಲ, ಕೆಲವು ಸ್ಪ್ಯಾಮ್ ಕಳಿಸುವವರು ಅದನ್ನು ಕಿತ್ತು ಹಾಕುತ್ತಾರೆ. ಅದಕ್ಕೆ ನನ್ನ ಸಲಹೆ ಎರಡು ಖಾತೆ. ಬ್ಯಾಂಕು, ಕಾಲೇಜು, ಸರ್ಕಾರಿ ಕೆಲಸಕ್ಕೆ ಒಂದು. ಕೂಪನ್, ಆಫರ್, ವೈಫೈ ಲಾಗಿನ್‌ಗೆ ಇನ್ನೊಂದು.

ನಾವು ಎಚ್ಚರವಾಗಿದ್ದರೂ ದೊಡ್ಡ ಕಂಪನಿಗಳ ಡೇಟಾ ಕಳುವಾದಾಗ ವಿಳಾಸ ಹೊರಗೆ ಹೋಗುತ್ತದೆ. ಸೈಬರ್ ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರುಮಾಡಿದ "ಹ್ಯಾವ್ ಐ ಬೀನ್ ಪೋನ್ಡ್" ತಾಣದಲ್ಲಿ ಇಮೇಲ್ ಹಾಕಿ, ಅದು ಇಂಥ ಕಳವಿನಲ್ಲಿ ಸೋರಿದೆಯಾ ಅಂತ ನೋಡಬಹುದು. ಚಿಕ್ಕಪ್ಪನ ವಿಳಾಸ ಎರಡು ಕಡೆ ಸಿಕ್ಕಿತು. ಅವತ್ತೇ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಲಾಗಿನ್ ಹಾಕಿಸಿದೆ. ಯಾರಾದರೂ ಇಂಥ ಮೇಲ್ ನಂಬಿ ಹಣ ಕಳೆದುಕೊಂಡಿದ್ದರೆ ನಾಚಿಕೆ ಪಡದೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ, ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ಮುಂದಿನ ಭಾನುವಾರ ಬರುವಾಗ ನಿಮ್ಮ ಸ್ಪ್ಯಾಮ್ ಫೋಲ್ಡರ್‌ನಿಂದ ಮೂರು, ಇನ್‌ಬಾಕ್ಸ್‌ನಿಂದ ಮೂರು ಮೇಲ್ ಆರಿಸಿ, ಅವುಗಳ ಪಾಸ್, ಫೇಲ್ ಬರೆದುಕೊಂಡು ಬನ್ನಿ. ಲಿಂಕ್ ಒತ್ತಬೇಡಿ. ಚಿಕ್ಕಪ್ಪನೂ ಬರುತ್ತೇನೆ ಅಂದಿದ್ದಾರೆ. ಈಗ ರಾತ್ರಿ ಊಟದ ಮೇಲೆ ಅವರು ಒತ್ತುವುದು "ರಿಪೋರ್ಟ್ ಸ್ಪ್ಯಾಮ್". ಮೊನ್ನೆ ಎಣಿಸಿ ಹೇಳಿದರು, ಆ ದಿನ ಇನ್‌ಬಾಕ್ಸ್‌ಗೆ ಬಂದ ಸ್ಪ್ಯಾಮ್ ಬರೀ ನಾಲ್ಕು.